ಗಡ್ಡೆಯೊಳಗಿನ ಟಿ ಕೋಶಗಳ ಲೆಕ್ಕ ತಪ್ಪುವುದು ಎಲ್ಲಿ

ಗಡ್ಡೆಗೆ ನುಗ್ಗಿದ ಸಿಡಿ8 ಟಿ ಕೋಶ (ರೋಗನಿರೋಧಕ ಪಡೆಯ ಕೊಲ್ಲುವ ಕೋಶ) ಕ್ಯಾನ್ಸರ್ ಕೋಶವನ್ನು ಕೊಲ್ಲುತ್ತದೆ. ಅಲ್ಲೇ ಬೀಡುಬಿಟ್ಟ ಮ್ಯಾಕ್ರೋಫೇಜ್ (ಅದೇ ಪಡೆಯ ನುಂಗುವ ಕೋಶ) ಎಷ್ಟೋ ಸಲ ಗಡ್ಡೆಗೇ ರಕ್ತನಾಳ ಬೆಳೆಸಿಕೊಡುತ್ತದೆ. ಪಿಡಿ-1 (ಟಿ ಕೋಶಕ್ಕೆ ಕಡಿವಾಣ ಹಾಕುವ ಮೇಲ್ಮೈ ಪ್ರೋಟೀನ್) ತಡೆಯುವ ಔಷಧ ಕೊಟ್ಟ ಸುಂಡಿಲಿಗಳಲ್ಲಿ ಇವೆರಡನ್ನೂ ಫ್ಲೋ ಸೈಟೋಮೀಟರಿನಲ್ಲಿ (ಬಣ್ಣ ಹಚ್ಚಿದ ಕೋಶಗಳನ್ನು ಲೇಸರ್ ಬೆಳಕಿನಲ್ಲಿ ಒಂದೊಂದಾಗಿ ಅಳೆಯುವ ಯಂತ್ರ) ಎಣಿಸಲು ನಾನು ಅನುಸರಿಸುವ ಕ್ರಮ ಇದು.

ಪಕ್ಕೆಯಲ್ಲಿ ಬೆಳೆಸಿದ ಎಂಸಿ38 (ಇಲಿಯ ಕರುಳಿನ ಕ್ಯಾನ್ಸರ್ ಕೋಶಗಳ) ಗಡ್ಡೆಯನ್ನು ತೆಗೆಯುವಾಗ ತೊಡೆಸಂದಿನ ದುಗ್ಧಗ್ರಂಥಿ ಅಂಟಿಕೊಂಡು ಬರುತ್ತದೆ. ಅದನ್ನು ಬಿಡಿಸದಿದ್ದರೆ ಟಿ ಕೋಶಗಳ ಲೆಕ್ಕ ಸುಮ್ಮನೆ ಉಬ್ಬುತ್ತದೆ. ಬಿಡಿಸಿದ ಮೇಲೆ ತೂಕ ಬರೆದುಕೊಳ್ಳಿ. 200ರಿಂದ 400 ಮಿಲಿಗ್ರಾಂ ಇದ್ದರೆ ಅನುಕೂಲ. 1–2 ಮಿಲಿಮೀಟರ್ ಚೂರುಗಳಾಗಿ ಕೊಚ್ಚಿ, ಸೀರಂ ಇಲ್ಲದ 5 ಎಂಎಲ್ ಆರ್‌ಪಿಎಂಐನಲ್ಲಿ (ಕೋಶಗಳನ್ನು ಪೋಷಿಸುವ ದ್ರವ) ಹಾಕಿ. ಎಂಎಲ್‌ಗೆ 1 ಮಿಲಿಗ್ರಾಂ ಕೊಲಾಜಿನೇಸ್-4 (ಕೋಶಗಳ ನಡುವಿನ ನಾರು ಕರಗಿಸುವ ಕಿಣ್ವ), 0.1 ಮಿಲಿಗ್ರಾಂ ಡಿಎನ್‌ಏಸ್-1 (ಸತ್ತ ಕೋಶಗಳ ಅಂಟು ಡಿಎನ್‌ಎ ಕತ್ತರಿಸುವ ಕಿಣ್ವ) ಸೇರಿಸಿ 37 ಡಿಗ್ರಿಯಲ್ಲಿ 30 ನಿಮಿಷ ಅಲುಗಾಡಿಸಿ. ಈ ಹಂತದಲ್ಲಿ ಇಡಿಟಿಎ ಬೇಡ: ಕೊಲಾಜಿನೇಸ್‌ಗೆ ಕ್ಯಾಲ್ಸಿಯಂ ಬೇಕು, ಇಡಿಟಿಎ ಅದನ್ನೇ ಕಸಿಯುತ್ತದೆ. ಟ್ರಿಪ್ಸಿನ್ ಅಂತೂ ಬೇಡವೇ ಬೇಡ, ನಾವು ಗುರುತಿಸಬೇಕಾದ ಮೇಲ್ಮೈ ಪ್ರೋಟೀನುಗಳನ್ನೇ ಕತ್ತರಿಸಿಬಿಡುತ್ತದೆ. ಸಮಯ ಕಡಿಮೆಯಾದರೆ ಗಟ್ಟಿಯಾಗಿ ಅಂಟಿಕೊಂಡ ಮ್ಯಾಕ್ರೋಫೇಜ್‌ಗಳು ಮುಂದೆ ಸೋಸುವ ಜಾಲರಿಯ ಮೇಲೇ ಉಳಿಯುತ್ತವೆ.

70 ಮೈಕ್ರಾನ್ ಜಾಲರಿಯಲ್ಲಿ ಸೋಸಿ, ಕೆಂಪುಕಣ ಒಡೆಯುವ ದ್ರಾವಣ 2 ನಿಮಿಷ, ತೊಳೆತ. ಸತ್ತ ಕೋಶಗಳನ್ನು ಗುರುತಿಸುವ ಬಣ್ಣವನ್ನು ಪ್ರೋಟೀನ್ ಇಲ್ಲದ ಪಿಬಿಎಸ್‌ನಲ್ಲೇ (ಫಾಸ್ಫೇಟ್ ಬೆರೆತ ಉಪ್ಪುನೀರು) ಹಾಕಿ. ಸೀರಂ ಇದ್ದರೆ ಬಣ್ಣವೆಲ್ಲ ಅದಕ್ಕೇ ಹೋಗುತ್ತದೆ. ಆಮೇಲೆ ಎಫ್‌ಸಿ ಬ್ಲಾಕ್ (ಆಂಟಿಬಾಡಿ ಬೇಡದ ಕಡೆ ಅಂಟದಂತೆ ತಡೆಯುವ ದ್ರಾವಣ) 10 ನಿಮಿಷ, ಕೋಶದ ಗುರುತುಗಳಿಗೆ ಅಂಟುವ, ಹೊಳೆಯುವ ಬಣ್ಣ ಕಟ್ಟಿದ ಆಂಟಿಬಾಡಿಗಳು 4 ಡಿಗ್ರಿಯಲ್ಲಿ, ಕತ್ತಲಲ್ಲಿ 30 ನಿಮಿಷ. ಮ್ಯಾಕ್ರೋಫೇಜ್‌ಗಳು ತಾವಾಗಿಯೇ ಹೊಳೆಯುತ್ತವೆ, ಹಸಿರು ಚಾನೆಲ್‌ನಲ್ಲಿ ಹೆಚ್ಚು. ಮಂದವಾದ ಗುರುತುಗಳನ್ನು ಅಲ್ಲಿಡಬೇಡಿ.

ಶೇಕಡಾವಾರು ನೋಡಿ ಖುಷಿಪಡುವವರೇ ಜಾಸ್ತಿ. ಸಿಡಿ45 (ಬಿಳಿ ರಕ್ತಕಣಗಳ ಗುರುತು) ಇರುವ 1000 ಕೋಶಗಳಲ್ಲಿ ಸಿಡಿ8 ಕೋಶ 100, ಮ್ಯಾಕ್ರೋಫೇಜ್ 500 ಎಂದಿಟ್ಟುಕೊಳ್ಳಿ. ಮ್ಯಾಕ್ರೋಫೇಜ್ ಮಾತ್ರ 200ಕ್ಕೆ ಇಳಿದರೆ ಸಿಡಿ8 ಪಾಲು ಶೇ. 10ರಿಂದ 14ಕ್ಕೆ ಏರುತ್ತದೆ, ಒಂದೇ ಒಂದು ಟಿ ಕೋಶ ಹೊಸದಾಗಿ ಬಾರದೆ! ಹಾಗಾಗಿ ಎಣಿಕೆಯ ಮಣಿಗಳನ್ನು (ಎಷ್ಟಿವೆ ಎಂದು ಮೊದಲೇ ಗೊತ್ತಿರುವ ಪುಟ್ಟ ಗೋಲಿಗಳು) ಬೆರೆಸಿ, ಮಿಲಿಗ್ರಾಂ ಗಡ್ಡೆಗೆ ಎಷ್ಟು ಕೋಶ ಎಂದೇ ಬರೆಯುತ್ತೇನೆ.

ಕೊನೆಯ ಬಲೆ ಪಿಡಿ-1 ಗುರುತಿನದು. ಔಷಧವೇ ಪಿಡಿ-1 ಮೇಲೆ ಕೂತಿರುವುದರಿಂದ ನಮ್ಮ ಆಂಟಿಬಾಡಿಗೆ ಜಾಗ ಸಿಗದೆ, ಪಿಡಿ-1 ಕಡಿಮೆಯಾದಂತೆ ಕಾಣುತ್ತದೆ. ಔಷಧ ಕೊಡದ ಇಲಿಯ ಕೋಶಗಳಿಗೆ ಟ್ಯೂಬಿನಲ್ಲೇ ಔಷಧ ಬೆರೆಸಿ, ನಂತರ ಆಂಟಿಬಾಡಿ ಹಾಕಿ ನೋಡಿ. ಹೊಳಪು ಕುಸಿದರೆ ಪಿಡಿ-1ರ ಬೇರೆ ಜಾಗಕ್ಕೆ ಅಂಟುವ ಕ್ಲೋನ್ (ಆಂಟಿಬಾಡಿಯ ಬೇರೊಂದು ಬಗೆ) ಬೇಕು.