ಎಂಟನೇ ಹೆನ್ರಿಗೆ ಹುಣಸೆ ಬೀಜದ ತೀರ್ಪು

ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಆರು ಮದುವೆ ಆದದ್ದು ಸರಿಯೋ ತಪ್ಪೋ ಅಂತ ಕೇಳಿದರೆ ಮುಂಬಯಿಯ ನಮ್ಮ ಸಂಘದಲ್ಲಿ ಎರಡು ನಿಮಿಷಕ್ಕೆ ಉತ್ತರ ಸಿಗುತ್ತಿತ್ತು. "ಹೆಂಡತಿಯರನ್ನು ಕೊಂದವನು. ಮುಂದಿನ ವಿಷಯ ಹೇಳಿ ಮಾಸ್ಟ್ರೇ." ಅದೇ ಪ್ರಶ್ನೆ ಈ ಸಲ ಮೂರೂವರೆ ಗಂಟೆ ಓಡಿತು. ಅದೂ ಮೆಗಾಬ್ಲಾಕ್ (ರಿಪೇರಿಗೆ ಲೋಕಲ್ ರೈಲು ನಿಲ್ಲಿಸುವುದು) ಇದ್ದ ಭಾನುವಾರ. ಡೊಂಬಿವಲಿಯಿಂದ, ವಾಶಿಯಿಂದ, ಮೀರಾ ರೋಡಿನಿಂದ ಮೂವತ್ತನಾಲ್ಕು ಜನ ಮಾಟುಂಗಕ್ಕೆ ಬಂದಿದ್ದರು. ನಡುವೆ ಎದ್ದು ಹೋದವರು ಒಬ್ಬರೇ. ಅವರ ಹೋಟೆಲಿನಲ್ಲಿ ಗ್ಯಾಸ್ ಖಾಲಿಯಾಗಿತ್ತು.

ಇದು ನಡೆಯುವುದಿಲ್ಲ ಅಂದವರು ಕಮಿಟಿಯಲ್ಲೇ ಐದಾರು ಮಂದಿ ಇದ್ದರು. "ಇಂಗ್ಲೆಂಡಿನ ರಾಜ ನಮಗ್ಯಾಕೆ ಮಾರಾಯ್ರೇ?" ಅಂದರು. ಯಾಕೆ ಅಂದರೆ, ನಮ್ಮ ಕಡೆಯ ಒಬ್ಬ ರಾಜನನ್ನು ಮೊದಲು ತೆಗೆದುಕೊಂಡು ಕೈ ಸುಟ್ಟುಕೊಂಡಿದ್ದೆ. ಯಾವ ರಾಜ ಅಂತ ಹೇಳುವುದಿಲ್ಲ. ಅರ್ಧ ಗಂಟೆಯಲ್ಲಿ ಅವನ ಜಾತಿ ಬಂತು, ಊರು ಬಂತು, ಎರಡು ಕುರ್ಚಿ ಮುರಿದವು. ಕುರ್ಚಿಗೆ ಒಂಬೈನೂರು ರೂಪಾಯಿ ದಂಡ ಕಟ್ಟಿದೆ. ಹೆನ್ರಿಗೆ ನಮ್ಮಲ್ಲಿ ಯಾರೂ ನೆಂಟರಿಲ್ಲ. ಅದೇ ಅವನ ದೊಡ್ಡ ಗುಣ.

ಆದರೂ ಮೊದಲ ಎರಡು ಸಲ ಸೋತೆ. ಒಮ್ಮೆ ಚರ್ಚಾಸ್ಪರ್ಧೆ ಮಾಡಿಸಿದೆ. ಗಟ್ಟಿ ಗಂಟಲಿನವರು ಗೆದ್ದರು, ಅಷ್ಟೇ. ಮರುವರ್ಷ ಅಣಕು ನ್ಯಾಯಾಲಯ. ಮಖಮಲ್ಲಿನ ಅಂಗಿ, ಕಿರೀಟ, ವಕೀಲರ ಕೋಟು ಎಲ್ಲ ಬಾಡಿಗೆಗೆ. ಒಟ್ಟು ಹದಿನಾಲ್ಕು ಸಾವಿರ ಹೋಯಿತು. ಅದರಲ್ಲಿ ಅಂಗಿಯ ಡಿಪಾಸಿಟ್ ಎರಡು ಸಾವಿರ ವಾಪಸ್ ಬರಲೇ ಇಲ್ಲ, ಸಾಂಬಾರ್ ಚೆಲ್ಲಿತ್ತು. ಜನ ನಕ್ಕರು, ಫೋಟೋ ತೆಗೆದರು, ತೀರ್ಪು ಯಾರಿಗೂ ನೆನಪಿಲ್ಲ.

ತಪ್ಪು ಎಲ್ಲಿದೆ ಅಂತ ಹೊಳೆದದ್ದು ಆಮೇಲೆ. ನಾವು ಇಡೀ ರಾಜನನ್ನು ಒಂದೇ ಸಲ ತೂಗುತ್ತಿದ್ದೆವು. 1509ರಲ್ಲಿ ಪಟ್ಟಕ್ಕೆ ಬಂದ ಹದಿನೇಳರ ಹುಡುಗನಿಗೂ 1547ರಲ್ಲಿ ಸತ್ತ ಮುದುಕನಿಗೂ ಒಂದೇ ತಕ್ಕಡಿ. ಸಾಲದ್ದಕ್ಕೆ ಕತೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತು. ಹಾಗಾಗಿ ಈ ಸಲ ತಾರೀಖಿಗೊಂದು ಲಕೋಟೆ ಮಾಡಿದೆ. ಆ ದಿನದವರೆಗೆ ಏನು ಗೊತ್ತಿತ್ತೋ ಅಷ್ಟೇ ಒಳಗೆ. ಮುಂದಿನದನ್ನು ಬಾಯಿ ಬಿಟ್ಟವರಿಗೆ ಹತ್ತು ರೂಪಾಯಿ ದಂಡ. ಕೇಳುವುದು ಎರಡೇ ಪ್ರಶ್ನೆ: ಆ ದಿನ ಅವನಿಗೆ ಬೇರೆ ದಾರಿ ಇತ್ತಾ? ಅದರ ಖರ್ಚು ಯಾರ ತಲೆ ಮೇಲೆ ಬಿತ್ತು? ಆಮೇಲೆ ಸ್ಟೀಲ್ ಚೊಂಬಿಗೆ ಬೀಜ ಹಾಕುವುದು. ರಾಜ್ಮಾ ಅಂದರೆ ಸರಿ, ಹುಣಸೆ ಬೀಜ ಅಂದರೆ ತಪ್ಪು. ಮನೆಯಲ್ಲಿ ಹುರಿಗಡಲೆ ಇಟ್ಟು ಪರೀಕ್ಷೆ ಮಾಡಿದ್ದೆ. ಓಟಿಗೆ ಮೊದಲೇ ತಿಂದು ಮುಗಿಸಿದರು.

1527ರ ಲಕೋಟೆಗೇ ಜಾಸ್ತಿ ಹೊತ್ತು ಹಿಡಿಯಿತು. ಮೊದಲ ರಾಣಿ ಕ್ಯಾಥರೀನ್ ಜತೆಗಿನ ಮದುವೆ ರದ್ದು ಮಾಡಿಸಲು ಹೆನ್ರಿ ಹೊರಟ ವರ್ಷ ಅದು. ಒಳಗೆ ಇದ್ದದ್ದು ಇಷ್ಟು. ಕ್ಯಾಥರೀನ್ ಮೊದಲು ಹೆನ್ರಿಯ ಅಣ್ಣ ಆರ್ಥರನ ಹೆಂಡತಿ. ಅವನು 1502ರಲ್ಲಿ ತೀರಿಕೊಂಡ. ಪೋಪ್ ಎರಡನೇ ಜೂಲಿಯಸ್ ವಿನಾಯಿತಿ ಕೊಟ್ಟ ಮೇಲೆ ತಮ್ಮನಿಗೆ ಮದುವೆ. 1511ರಲ್ಲಿ ಗಂಡು ಮಗು ಹುಟ್ಟಿ ಏಳೆಂಟು ವಾರದಲ್ಲಿ ಹೋಯಿತು. ಹಲವು ಬಸಿರುಗಳಲ್ಲಿ ಉಳಿದವಳು ಮೇರಿ ಒಬ್ಬಳೇ. ರಾಣಿಗೆ ಈಗ 41. ಹಿಂದೆ ಮಟಿಲ್ಡಾ ಎಂಬ ರಾಜಕುಮಾರಿ ಹಕ್ಕು ಕೇಳಿದಾಗ ವರ್ಷಗಟ್ಟಲೆ ಅಂತರ್ಯುದ್ಧ ಆಗಿತ್ತು. ಹೆನ್ರಿಯ ಅಪ್ಪ 1485ರಲ್ಲಿ ರಣರಂಗದಲ್ಲಿ ಗೆದ್ದು ತಂದ ಕಿರೀಟ ಇದು. ಬೈಬಲ್ಲಿನಲ್ಲೋ, ಅಣ್ಣನ ಹೆಂಡತಿಯನ್ನು ಮುಟ್ಟಬೇಡ ಅಂತ ಒಂದು ಕಡೆ, ಅಣ್ಣ ಮಕ್ಕಳಿಲ್ಲದೆ ಸತ್ತರೆ ಕೈ ಹಿಡಿ ಅಂತ ಇನ್ನೊಂದು ಕಡೆ.

"ಮಗಳು ಎಲಿಜಬೆತ್ 44 ವರ್ಷ ಆಳಿದಳಲ್ಲ!" ಅಂದರು ಒಬ್ಬರು. ಹತ್ತು ರೂಪಾಯಿ. ಅವಳು ಇನ್ನೂ ಹುಟ್ಟಿಲ್ಲ. ನಮ್ಮ ಡಾಕ್ಟರು ಎದ್ದು, ಹೆಣ್ಣೋ ಗಂಡೋ ಎನ್ನುವುದು ಗಂಡನ ಕಡೆಯಿಂದ ತೀರ್ಮಾನ ಆಗುವುದು ಅಂದರು. ಇನ್ನೂ ಹತ್ತು. ಅದು ಗೊತ್ತಾದದ್ದು 1905ರ ಸುಮಾರಿಗೆ. ಡಾಕ್ಟರು ದುಡ್ಡು ಕೊಟ್ಟರು, ಆದರೆ ಆಮೇಲೆ ಒಂದು ತಾಸು ಮಾತಾಡಲಿಲ್ಲ.

ಬೀಜ ಎಣಿಸಿದರೆ ಇಪ್ಪತ್ತೊಂದು ರಾಜ್ಮಾ. ಹೆಂಗಸರಲ್ಲೇ ತುಂಬ ಜನ ಸರಿ ಅಂದಿದ್ದರು. "ಗಂಡು ಬೇಕು ಅಂತ ನಮ್ಮ ಅತ್ತೆ ಮಾಡಿದ್ದು ಇದಕ್ಕಿಂತ ಜಾಸ್ತಿ" ಅಂದರು ಒಬ್ಬ ಅಕ್ಕ. ಸಭೆ ಸ್ವಲ್ಪ ಹೊತ್ತು ಸುಮ್ಮನಾಯಿತು.

1533ರಲ್ಲಿ ಲೆಕ್ಕ ಜಾರಿತು. ರೋಮ್ ಆಗಲೇ ಕ್ಯಾಥರೀನಳ ಅಕ್ಕನ ಮಗ, ಚಕ್ರವರ್ತಿ ಐದನೇ ಚಾರ್ಲ್ಸನ ಸೈನ್ಯದ ಏಟು ತಿಂದಿತ್ತು. ಪೋಪ್ ಹೇಗೆ ಒಪ್ಪುತ್ತಾನೆ? ಅದಕ್ಕೆ ಹೆನ್ರಿ ರೋಮಿನ ಚರ್ಚಿನ ಜತೆ ಸಂಬಂಧವನ್ನೇ ಮುರಿದುಕೊಂಡ. ಮರುವರ್ಷ ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥ. ಒಪ್ಪದ ಹಳೆಯ ಮಂತ್ರಿ ಥಾಮಸ್ ಮೋರ್ ತಲೆ 1535ರಲ್ಲಿ ಹೋಯಿತು. ಮದುವೆ ರದ್ದು ಮಾಡಿದ್ದು ಸರಿ ಅಂದವರೇ ಇಲ್ಲಿ ಹುಣಸೆ ಬೀಜ ಹಿಡಿದರು. ನನ್ನ ಪ್ರಕಾರವೂ ಅವನು ಕೆಟ್ಟದ್ದು ಇಲ್ಲಿಂದಲೇ. ಹೆಂಡತಿ ಬಿಟ್ಟದ್ದಕ್ಕಲ್ಲ, ಇಲ್ಲ ಅಂದವನನ್ನು ಬದುಕಲು ಬಿಡದ್ದಕ್ಕೆ.

1536 ಮೇ ತಿಂಗಳ ಲಕೋಟೆ ಓದುವಾಗ ನನಗೇ ಗಂಟಲು ಕಟ್ಟುತ್ತದೆ. ಎರಡನೇ ಹೆಂಡತಿ ಆನ್ ಬೊಲಿನ್ ಮೇಲೆ ಐದು ಗಂಡಸರ ಜತೆ ಹಾದರದ ಆರೋಪ, ಅದರಲ್ಲಿ ಒಬ್ಬ ಅವಳ ಸ್ವಂತ ಸೋದರ. ಮೇ 17ಕ್ಕೆ ಅವಳ ಮದುವೆ ಮೊದಲಿನಿಂದಲೂ ಮದುವೆಯೇ ಅಲ್ಲ ಅಂತ ತೀರ್ಪು. 19ಕ್ಕೆ ತಲೆ ಕಡಿದರು. 30ಕ್ಕೆ ಜೇನ್ ಸೀಮರ್ ಜತೆ ಮದುವೆ. ಹಿಂದಿನ ಸಾಲಿನ ಕಾಲೇಜು ಹುಡುಗಿ ಕೇಳಿದಳು, "ಸರ್, ಹೆಂಡತಿಯೇ ಅಲ್ಲ ಅಂದ ಮೇಲೆ ಹಾದರ ಎಲ್ಲಿಂದ ಬಂತು?" ಅಣಕು ನ್ಯಾಯಾಲಯದಲ್ಲಿ ನಾಲ್ಕು ವಕೀಲರು ಇದ್ದರು, ಒಬ್ಬರಿಗೂ ಹೊಳೆದಿರಲಿಲ್ಲ. ಚೊಂಬಿನಲ್ಲಿ ಒಂದೂ ರಾಜ್ಮಾ ಇರಲಿಲ್ಲ.

ಆಶ್ಚರ್ಯ ಆದದ್ದು 1540ರಲ್ಲಿ. ಕ್ಲೀವ್ಸ್‌ನ ಆನ್ ಜತೆಗಿನ ನಾಲ್ಕನೇ ಮದುವೆ ಆರು ತಿಂಗಳಲ್ಲಿ ರದ್ದಾಯಿತು. ಅವಳು ತಕರಾರು ಮಾಡಲಿಲ್ಲ. ರಿಚ್ಮಂಡ್ ಅರಮನೆ, ಜಮೀನು, ರಾಜನ ತಂಗಿ ಅಂತ ಮರ್ಯಾದೆ. ಮೂವತ್ತು ರಾಜ್ಮಾ ಬಿದ್ದವು. ಮುಂದಿನ ಚೀಟಿ ತೆಗೆದೆ: ಜುಲೈ 28, ಈ ಮದುವೆ ಕುದುರಿಸಿದ ಮಂತ್ರಿ ಕ್ರಾಮ್‌ವೆಲ್ ತಲೆ ಹೋದ ದಿನವೇ ಹೆನ್ರಿಗೆ ಐದನೇ ಮದುವೆ. "ಬೀಜ ವಾಪಸ್ ಕೊಡಿ" ಅಂದರು ಜನ. ಕೊಡಲಿಲ್ಲ.

ಐದನೇ ಹೆಂಡತಿ ಕ್ಯಾಥರೀನ್ ಹೊವಾರ್ಡ್, ಆರನೇ ಹೆಂಡತಿ ಕ್ಯಾಥರೀನ್ ಪಾರ್ ಇಬ್ಬರನ್ನೂ ಬೇಗ ಮುಗಿಸಿದೆ, ಹಾಲ್ ಬಿಡುವ ಹೊತ್ತಾಗಿತ್ತು. ಸುಮಾರು 800 ಮಠಗಳನ್ನು ಮುಚ್ಚಿಸಿ ಆಸ್ತಿ ನುಂಗಿದ್ದಕ್ಕೇ ಬೇರೆ ಭಾನುವಾರ ಬೇಕು.

ಲಕೋಟೆಗಳನ್ನು ಯಾವ ಕ್ರಮದಲ್ಲಿ ಕೈಗೆ ಕೊಡುತ್ತೇನೆ ಎನ್ನುವುದರಲ್ಲಿ ಒಂದು ಗುಟ್ಟಿದೆ. ತಾರೀಖಿನ ಕ್ರಮ ಪೂರ್ತಿ ಪಾಲಿಸುವುದಿಲ್ಲ ಅಂತ ಮಾತ್ರ ಹೇಳುತ್ತೇನೆ. ಪ್ರತಿ ಲಕೋಟೆಯಲ್ಲಿ ಕೊನೆಯ ಸಾಲು ಯಾರ ಬಾಯಿಂದ ಓದಿಸಬೇಕು ಎನ್ನುವುದೂ ನನ್ನ ಬಳಿಯೇ ಇರಲಿ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. "ಸರಿ, ಆದರೆ ರೀತಿ ತಪ್ಪು" ಅಂತ ಮೂರನೇ ಬೀಜ ಇಟ್ಟು ನೋಡಿದೆ. ಎಲ್ಲರೂ ಅಲ್ಲೇ ಹೋಗಿ ಕೂತರು, ಜಗಳವೇ ಸತ್ತಿತು. ತೆಗೆದೆ. ಇನ್ನೊಮ್ಮೆ ಹೆನ್ರಿಯನ್ನು ಹಂಪೆಗೆ ಕರೆತಂದೆ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದೂ 1509ರಲ್ಲೇ. ತಿರುಪತಿಯ ಮೂರ್ತಿಯಲ್ಲಿ ಇಬ್ಬರು ರಾಣಿಯರ ನಡುವೆ ಕೈ ಮುಗಿದು ನಿಂತಿದ್ದಾನೆ, ಯಾರ ಅನುಮತಿಯೂ ಬೇಕಾಗಲಿಲ್ಲ. ಆದರೂ ಮಗ ಚಿಕ್ಕವನಿದ್ದಾಗಲೇ ತೀರಿಕೊಂಡು ಪಟ್ಟ ತಮ್ಮ ಅಚ್ಯುತರಾಯನಿಗೆ ಹೋಯಿತು. ಮದುವೆ ಹೆಚ್ಚಾದರೆ ವಾರಸುದಾರ ಗ್ಯಾರಂಟಿ ಅನ್ನುವ ವಾದ ಅಲ್ಲಿಗೆ ಬಿತ್ತು.

ಖರ್ಚು ಈ ಸಲ ಆರು ಸಾವಿರದ ಒಳಗೆ. ಹಾಲ್ ಎರಡೂವರೆ, ಜೆರಾಕ್ಸ್ ಆರುನೂರು ಇರಬೇಕು, ಉಳಿದದ್ದು ಗೋಳಿಬಜೆ, ಚಹಾ. ದಂಡದ ದುಡ್ಡೇ ಇನ್ನೂರ ಎಪ್ಪತ್ತು ಬಂತು. ಒಟ್ಟು ಖರ್ಚು ಅಣಕು ನ್ಯಾಯಾಲಯದ್ದರ ಅರ್ಧವೂ ಇಲ್ಲ.

ಈಗ ಕಮಿಟಿಯವರೇ ಮುಂದಿನ ರಾಜ ಯಾರು ಅಂತ ಕೇಳುತ್ತಿದ್ದಾರೆ. ಎರಡನೇ ಚಾರ್ಲ್ಸ್ ಅಂದೆ. 1661ರ ಒಪ್ಪಂದದಲ್ಲಿ ಪೋರ್ಚುಗೀಸ್ ರಾಜಕುಮಾರಿ ಜತೆ ಮುಂಬಯಿಯನ್ನೇ ವರದಕ್ಷಿಣೆ ಪಡೆದವನು. 1668ರಲ್ಲಿ ಅದನ್ನು ವರ್ಷಕ್ಕೆ ಹತ್ತು ಪೌಂಡಿಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಅವನ ರಾಣಿಗೂ ಮಕ್ಕಳಾಗಲಿಲ್ಲ. ಅವಳನ್ನು ಬಿಟ್ಟುಬಿಡು ಅಂತ ಎಷ್ಟು ಜನ ಹೇಳಿದರೂ ಬಿಡಲಿಲ್ಲ. ಪಟ್ಟ ತಮ್ಮ ಜೇಮ್ಸ್‌ಗೆ ಹೋಗಿ, ಅವನು 1688ರಲ್ಲಿ ಓಡಿಹೋಗಬೇಕಾಯಿತು. ಹೆನ್ರಿಗೆ ರಾಜ್ಮಾ ಹಾಕಿದ ಇಪ್ಪತ್ತೊಂದು ಮಂದಿಯನ್ನು ಮುಂದಿನ ಸಾಲಿನಲ್ಲಿ ಕೂರಿಸುವ ಯೋಚನೆ ಇದೆ. ಜೂನ್ ಎರಡನೇ ಭಾನುವಾರಕ್ಕೆ ಹಾಲ್ ಹಿಡಿದಾಗಿದೆ, ಅಡ್ವಾನ್ಸ್ ಐನೂರು. ಹುಣಸೆ ಬೀಜ ಇನ್ನೂ ಅರ್ಧ ಕಿಲೋ ಉಳಿದಿದೆ.