ಗೋಡೆಗೆ ಪುಟ್ಟ ಕೌದಿ: ತೂಗುಹಾಕುವುದು ಹೇಗೆ?

ಕೊಡಗಿನಲ್ಲಿ ಗೋಡೆಗೆ ಕೌದಿ ಹಾಕುವವರು ಮೊಳೆಗಿಂತ ಮೊದಲು ಮಳೆಯ ಬಗ್ಗೆ ಯೋಚಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ನಾಪೋಕ್ಲು, ಮಡಿಕೇರಿ ಕಡೆಯ ಗೋಡೆಗಳು ಸರಿಯಾಗಿ ಒಣಗುವುದೇ ಇಲ್ಲ. ಕೌದಿಯ ನಡುವಿನ ಹತ್ತಿ ತೇವ ಹೀರಿಕೊಂಡು ಕೂರುತ್ತದೆ, ಹಿಂದೆ ಬೂಷ್ಟು ಹಿಡಿದದ್ದು ಎದುರಿಗೆ ಕಾಣುವ ಹೊತ್ತಿಗೆ ಬಟ್ಟೆ ಕೆಟ್ಟಿರುತ್ತದೆ. ಆದ್ದರಿಂದ ಕೌದಿ ಗೋಡೆಗೆ ಅಂಟಿಕೊಂಡಿರಬಾರದು, ಬೇಕೆಂದಾಗ ಥಟ್ಟನೆ ಇಳಿಸುವಂತೆಯೂ ಇರಬೇಕು. ಕುಶಾಲನಗರದ ಕಡೆಯವರಿಗೆ ಇಷ್ಟು ತಲೆಬಿಸಿ ಇಲ್ಲ.

ಮಳೆ ಹೊಡೆಯುವ ಹೊರಗೋಡೆ ಬಿಟ್ಟು ಒಳಗೋಡೆ ಆರಿಸಿ. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ, ಒಲೆಯ ಹೊಗೆಗೆ ಕಂದುತ್ತದೆ.

ಕೋಲು ತೂರಿಸುವ ಪಟ್ಟಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ವಿಧಾನ ಇದೇ. ಲಂಗಕ್ಕೆ ಲಾಡಿ ಪೋಣಿಸಲು ಪಟ್ಟಿ ಇರುತ್ತದಲ್ಲ, ಹಾಗೆ ಕೌದಿಯ ಹಿಂಬದಿಗೊಂದು ಪಟ್ಟಿ.

18 ಇಂಚು ಅಗಲದ ಕೌದಿಗೆ 18 ಇಂಚು ಉದ್ದ, 5 ಇಂಚು ಅಗಲದ ಹತ್ತಿ ಬಟ್ಟೆ ಕತ್ತರಿಸಿ. ಎರಡೂ ತುದಿಯನ್ನು ಅರ್ಧರ್ಧ ಇಂಚಿನಂತೆ ಎರಡು ಸಲ ಮಡಚಿ ಹೊಲಿದರೆ 16 ಇಂಚು ಉಳಿಯುತ್ತದೆ. ಈಗ ಉದ್ದಕ್ಕೆ ಮಡಚಿ ಅಂಚು ಕೂಡಿಸಿ ಹೊಲಿಯಿರಿ, ಕೊಳವೆಯಂತಾಗುತ್ತದೆ. ಹೊಲಿಗೆಯ ಗೆರೆ ಕೌದಿಯ ಕಡೆಗೆ ಬರುವಂತೆ ಇಸ್ತ್ರಿ ಹಾಕಿ, ಮೇಲಂಚಿನಿಂದ ಅರ್ಧ ಇಂಚು ಕೆಳಗಿಟ್ಟು ಕೈಯಲ್ಲೇ ಹೆಮ್ಮಿಂಗ್ ಮಾಡಿ. ಸೂಜಿ ಅಸ್ತರನ್ನೂ ಹತ್ತಿಯನ್ನೂ ಹಿಡಿಯಲಿ, ಎದುರಿನ ಬಟ್ಟೆಗೆ ದಾಟುವುದು ಬೇಡ. ಕೆಳಗಿನ ಅಂಚು ಹೊಲಿಯುವ ಮುನ್ನ ಪಟ್ಟಿಯನ್ನು ಕೂದಲೆಳೆಯಷ್ಟಲ್ಲ, ಚೆನ್ನಾಗಿಯೇ ಕಾಲಿಂಚು ಮೇಲಕ್ಕೆ ತಳ್ಳಿ ಸಡಿಲ ಕೊಡಿ. ಬಿಗಿಯಾಗಿ ಹೊಲಿದರೆ ಕೋಲು ಹೊಕ್ಕ ಕೂಡಲೇ ಎದುರಿನ ಭಾಗ ಉಬ್ಬುತ್ತದೆ, ಅದು ದೂರದಿಂದಲೂ ಕಾಣುತ್ತದೆ.

ಕೋಲು 17 ಇಂಚು ಇರಲಿ. ಪಟ್ಟಿಯ ಎರಡೂ ಕಡೆ ಅರ್ಧ ಇಂಚು ಹೊರಬಂದು ಮೊಳೆಯ ಮೇಲೆ ಕೂರುತ್ತದೆ, ಎದುರಿನಿಂದ ಕಾಣುವುದಿಲ್ಲ. ಅಂಗಡಿಗೆ ಹೋಗಬೇಕೆಂದೇನೂ ಇಲ್ಲ, ಕಾಫಿ ಗಿಡ ಕಸಿ ಮಾಡುವಾಗ (ಅಂದರೆ ರೆಂಬೆ ಸವರುವಾಗ) ಕಡಿದ ನೆಟ್ಟನೆಯ ಕಡ್ಡಿ ಸಾಕು. ಸಿಪ್ಪೆ ತೆಗೆದು ಪೂರ್ತಿ ಒಣಗಿಸಿ, ವಾರ್ನಿಶ್ ಬಳಿಯಿರಿ. ಹಸಿ ಮರದ ರಸ ಬಟ್ಟೆಗೆ ಕಂದು ಕಲೆ ಮಾಡುತ್ತದೆ.

ಇನ್ನೂ ಚಿಕ್ಕದಾದರೆ

ಒಂದಡಿಗಿಂತ ಚಿಕ್ಕ ಕೌದಿಗೆ ಪಟ್ಟಿ ಬೇಡ. 3 ಇಂಚಿನ ಎರಡು ಚೌಕ ಬಟ್ಟೆಗಳನ್ನು ಮೂಲೆಯಿಂದ ಮೂಲೆಗೆ ಮಡಚಿ, ಹಿಂಬದಿಯ ಮೇಲಿನ ಎರಡು ಮೂಲೆಗಳಿಗಿಟ್ಟು ಪೈಪಿಂಗ್ ಜೊತೆಗೇ ಹೊಲಿದುಬಿಡಿ. ಆ ಜೇಬುಗಳಿಗೆ ಕಡ್ಡಿಯ ತುದಿ ಸಿಕ್ಕಿಸಿದರೆ ನಡುವಿನ ಒಂದೇ ಮೊಳೆ ಸಾಕು.

ಪರದೆಯ ಕ್ಲಿಪ್ ರಿಂಗ್ ಹಬ್ಬಹರಿದಿನಕ್ಕೆ ಅಡ್ಡಿಯಿಲ್ಲ, ತಿಂಗಳುಗಟ್ಟಲೆ ಬಿಟ್ಟರೆ ಬಟ್ಟೆ ಜೋಲುತ್ತದೆ. ಅಂಟುವ ಪಟ್ಟಿಗಳನ್ನು ಸುಣ್ಣ ಬಳಿದ ಗೋಡೆಗೆ ನಂಬಬೇಡಿ, ಸುಣ್ಣದ ಸಮೇತ ಕಳಚಿ ಬರುತ್ತವೆ. ಬಟ್ಟೆಗೇ ಕಬ್ಬಿಣದ ಪಿನ್ ಚುಚ್ಚುವುದಂತೂ ಬೇಡವೇ ಬೇಡ. ತುಕ್ಕಿನ ಕಲೆ ತೊಳೆದರೂ ಹೋಗದು.

ಗೋಡೆ ಯಾವುದು?

ಹಳೆಯ ಮಣ್ಣಿನ ಗೋಡೆಗೆ ಮೊಳೆ ಹೊಡೆದರೆ ಗಾರೆಯೇ ಉದುರುತ್ತದೆ. ಅಂಥಲ್ಲಿ ತೊಲೆಗೋ ಕಿಟಕಿ ಚೌಕಟ್ಟಿಗೋ ಕೊಕ್ಕೆ ತಿರುಗಿಸಿ ದಾರದಲ್ಲಿ ಇಳಿಬಿಡಿ. ಸಿಮೆಂಟ್ ಗೋಡೆಯಾದರೆ 6 ಮಿ.ಮೀ. ತೂತು ಕೊರೆದು, ಪ್ಲಾಸ್ಟಿಕ್ ಪ್ಲಗ್ ಹಾಕಿ ಸ್ಟೀಲ್ ಸ್ಕ್ರೂ ತಿರುಗಿಸಿ. ತಲೆ ಒಂದಿಂಚು ಹೊರಗಿರಲಿ. ಕೌದಿಯ ಹಿಂಬದಿ ಕೆಳಮೂಲೆಗಳಿಗೆ ಹಳೆ ಕೋಟಿನ ದಪ್ಪ ಗುಂಡಿ ಹೊಲಿದರೆ ಕೆಳಗೂ ಗಾಳಿಯಾಡುತ್ತದೆ. ಮೂಲೆ ಸುರುಳಿಕೊಳ್ಳುವುದಕ್ಕೂ ಗುಂಡಿಯ ಭಾರವೇ ಮದ್ದು.

ಮೃಗಶಿರಾ ಮಳೆ ಹಿಡಿಯುವ ಮುಂಚೆ ಇಳಿಸಿ. ಎದುರಿನ ಭಾಗ ಹೊರಗಿರುವಂತೆ ಸುರುಳಿ ಸುತ್ತಿ ಹಳೆಯ ಪಂಚೆಯಲ್ಲಿ ಕಟ್ಟಿಡಿ. ಪ್ಲಾಸ್ಟಿಕ್ ಚೀಲ ಬೇಡ, ಒಳಗೇ ಬೆವರುತ್ತದೆ. ಮಳೆಯ ನಡುವೆ ಹೊಳವಾದ ದಿನ ಬಿಚ್ಚಿ ನೆರಳಲ್ಲಿ ಹರಡಿ. ಅಕ್ಟೋಬರ್‌ನಲ್ಲಿ ಕಾವೇರಿ ಸಂಕ್ರಮಣ ಕಳೆದ ಮೇಲೆ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ. ಇನ್ನೂ ತಣ್ಣಗೆ ಜಿನುಗುತ್ತಿದ್ದರೆ ಮತ್ತೊಂದು ವಾರ ತಡೆಯಿರಿ.