ಫಾರ್ಮ್ಯಾಟ್ ಹೊಡೆಯುವ ಮುಂಚೆ ನಾನು ನೋಡುವುದೇನು?

ತಿಪಟೂರಿನಲ್ಲಿ ಕಂಪ್ಯೂಟರ್ ಸರ್ವಿಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಕೊಬ್ಬರಿ ಮಂಡಿಯವರು, ಸೈಬರ್ ಸೆಂಟರ್‌ನವರು, ಜೆರಾಕ್ಸ್ ಅಂಗಡಿಯವರು, ಕಾಲೇಜು ಮಕ್ಕಳು, ಇವರೇ ನನ್ನ ಗಿರಾಕಿಗಳು. ಹೆಚ್ಚಿನವರು ತರುವ ದೂರು ಒಂದೇ. ‘ತಗೊಂಡಾಗ ಚೆನ್ನಾಗಿತ್ತು ಸಾರ್, ಬರ್ತಾ ಬರ್ತಾ ಸ್ಲೋ ಆಯ್ತು. ಒಂದ್ಸಲ ಫಾರ್ಮ್ಯಾಟ್ ಹೊಡೆದುಕೊಡಿ.’

ಫಾರ್ಮ್ಯಾಟ್ ಮಾಡುವುದು ದೊಡ್ಡ ಕೆಲಸವಲ್ಲ. ಆದರೂ ನಾನು ತಕ್ಷಣ ಒಪ್ಪುವುದಿಲ್ಲ. ವಿಂಡೋಸ್ ಅನ್ನೋದು ಡಿಸ್ಕ್‌ನಲ್ಲಿ ಬರೆದಿಟ್ಟ ಪ್ರೋಗ್ರಾಮ್. ಹಳೇದಾಯ್ತು ಅಂತ ಅದು ಸವೆಯುವುದಿಲ್ಲ. ಸವೆಯುವುದು ಅದರ ಕೆಳಗಿರುವ ಡಿಸ್ಕ್, ಫ್ಯಾನ್, ಬ್ಯಾಟರಿ. ಹೆಚ್ಚಾಗುವುದು ಅದರ ಮೇಲೆ ಬೀಳುವ ಕೆಲಸ. ಎರಡರಲ್ಲಿ ಯಾವುದು ಅಂತ ಗೊತ್ತಾಗದೆ ಎಲ್ಲವನ್ನೂ ಅಳಿಸಿ ಮತ್ತೆ ಹಾಕಿದರೆ ಗಿರಾಕಿಯ ದುಡ್ಡೂ ದಂಡ, ಸಮಯವೂ ದಂಡ.

ಮೊದಲು ನೋಡುವುದು ಒಂದು ಸಣ್ಣ ವಿಷಯ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್ ಪುಟದಲ್ಲಿ ಸಿಪಿಯು ಮೇಲೆ ಒತ್ತಿದರೆ ಕೆಳಗೆ ‘ಅಪ್ ಟೈಮ್’ ಅಂತ ಇರುತ್ತದೆ. ದಿನಾ ರಾತ್ರಿ ಶಟ್‌ಡೌನ್ ಮಾಡುವವರ ಮಷೀನಿನಲ್ಲೂ ಅದು ಎಷ್ಟೋ ಸಲ ವಾರಗಟ್ಟಲೆ ತೋರಿಸುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ. 2012ರಲ್ಲಿ ವಿಂಡೋಸ್ 8 ಜೊತೆ ಬಂದ ‘ಫಾಸ್ಟ್ ಸ್ಟಾರ್ಟಪ್’ ಇದಕ್ಕೆ ಕಾರಣ. ಅದು ಆನ್ ಇದ್ದಾಗ ಶಟ್‌ಡೌನ್ ಕೊಟ್ಟರೆ ವಿಂಡೋಸ್ ತನ್ನ ಒಳಭಾಗವನ್ನು, ಡ್ರೈವರ್‌ಗಳ (ಯಂತ್ರದ ಭಾಗಗಳನ್ನು ನಡೆಸುವ ಪ್ರೋಗ್ರಾಮ್‌ಗಳ) ಸಮೇತ, ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಬೆಳಗ್ಗೆ ಅದನ್ನೇ ಎತ್ತಿಕೊಂಡು ಏಳುತ್ತದೆ. ಎಲ್ಲೋ ಸಿಕ್ಕಿಹಾಕಿಕೊಂಡ ಡ್ರೈವರ್ ಮರುದಿನವೂ ಹಾಗೇ ಇರುತ್ತದೆ. ರೀಸ್ಟಾರ್ಟ್ ಕೊಟ್ಟಾಗ ಮಾತ್ರ ಎಲ್ಲವೂ ಹೊಸದಾಗಿ ಶುರುವಾಗುತ್ತದೆ. ಇಷ್ಟರಿಂದಲೇ ಸರಿಹೋಗಿ, ಮಷೀನ್ ಬಿಚ್ಚದೆ ವಾಪಸ್ ಕಳಿಸಿದ್ದೂ ಉಂಟು.

ಅಷ್ಟಕ್ಕೆ ಸರಿಹೋಗದಿದ್ದಾಗ ಡಿಸ್ಕ್ ನೋಡುತ್ತೇನೆ. ಈಚೆಗೆ ಬಂದ ಒಂದು ಜೆರಾಕ್ಸ್ ಅಂಗಡಿಯ ಲ್ಯಾಪ್‌ಟಾಪ್ ಇದಕ್ಕೆ ಒಳ್ಳೆ ಉದಾಹರಣೆ. ವಿಂಡೋಸ್ 10, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. ಅಂಗಡಿ ನೋಡಿಕೊಳ್ಳುವ ಅಕ್ಕ ತಂದಿದ್ದರು. ‘ಪಹಣಿ ತೆಗೆಸೋಕೆ ಬಂದೋರು ನಿಂತು ನಿಂತು ಬೇರೆ ಅಂಗಡಿಗೆ ಹೋಗ್ತಾರೆ’ ಅಂದರು. ಆನ್ ಮಾಡಿದೆ. ಡೆಸ್ಕ್‌ಟಾಪ್ ಬಂತು, ಬ್ರೌಸರ್ ಒತ್ತಿದರೆ ಚಕ್ರ ಸುತ್ತುತ್ತಲೇ ಇತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100 ಪರ್ಸೆಂಟ್. ಅವರು ಗಾಬರಿಯಾಗಿ, ‘ಫುಲ್ ಆಗಿದೆಯಾ? ಫೋಟೋ ಎಲ್ಲಾ ಡಿಲೀಟ್ ಮಾಡಿದ್ನಲ್ಲ’ ಅಂದರು.

ಅದು ಜಾಗ ತುಂಬಿದ ಲೆಕ್ಕವಲ್ಲ. ಡಿಸ್ಕ್ ಎಷ್ಟು ಹೊತ್ತು ಬಿಡುವಿಲ್ಲದೆ ಕೆಲಸ ಮಾಡುತ್ತಿದೆ ಅನ್ನೋ ಲೆಕ್ಕ. ಪಕ್ಕದಲ್ಲೇ ವೇಗ ನೋಡಿದರೆ ಸೆಕೆಂಡಿಗೆ 1 ಎಂಬಿ ಕೂಡ ಇರಲಿಲ್ಲ. ನೂರಕ್ಕೆ ನೂರು ದುಡಿಯುತ್ತಿದೆ, ಆದರೆ ಕೊಡುತ್ತಿರುವುದು 1 ಎಂಬಿಗಿಂತ ಕಡಿಮೆ. ಹೇಗೆ ಸಾಧ್ಯ ಅಂತ ಕೇಳಿದವರಿಗೆಲ್ಲ ನಾನು ಈ ಲೆಕ್ಕ ಬಿಡಿಸಿ ತೋರಿಸುತ್ತೇನೆ.

ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಒಳಗಿನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ಸುತ್ತುತ್ತವೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಜಾಗ ಓದುವ ಹೆಡ್ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಐದೂವರೆ ಮಿಲಿಸೆಕೆಂಡ್. ಹೆಡ್ ಆ ಟ್ರ್ಯಾಕ್‌ಗೆ ಸರಿಯಲು ಇನ್ನೊಂದು 10, 12 ಮಿಲಿಸೆಕೆಂಡ್. ಒಟ್ಟು 16, 17 ಆಯಿತು. ಸೆಕೆಂಡಿಗೆ ಸುಮಾರು 60 ಸಲ ಮಾತ್ರ ಹೀಗೆ ಹುಡುಕಿ ಓದಲು ಆಗುತ್ತದೆ. ಒಂದೊಂದು ಸಲ 4 ಕೆಬಿ ಓದಿದರೆ ಸೆಕೆಂಡಿಗೆ 240 ಕೆಬಿ. ಅಷ್ಟೇ! ಒಂದೇ ದೊಡ್ಡ ವಿಡಿಯೋ ಫೈಲ್ ಆದರೆ ಇದೇ ಡಿಸ್ಕ್ ಸೆಕೆಂಡಿಗೆ 100 ಎಂಬಿವರೆಗೂ ಸರಾಗವಾಗಿ ಓದುತ್ತದೆ. ವಿಂಡೋಸ್ ಶುರುವಾಗುವಾಗ ಮಾತ್ರ ಸಾವಿರಾರು ಚೂರುಪಾರು ಫೈಲ್‌ಗಳನ್ನು ಅಲ್ಲೊಂದು ಇಲ್ಲೊಂದು ಹುಡುಕಬೇಕು. ಎಸ್‌ಎಸ್‌ಡಿ ಅಂದರೆ ತಟ್ಟೆಯ ಬದಲು ಚಿಪ್‌ನಲ್ಲಿ ಡೇಟಾ ಇಡುವ ಡಿಸ್ಕ್. ಅದರಲ್ಲಿ ಸುತ್ತುವುದೂ ಇಲ್ಲ, ಸರಿಯುವುದೂ ಇಲ್ಲ. ಸಾಧಾರಣ ಎಸ್‌ಎಸ್‌ಡಿ ಕೂಡ ಸೆಕೆಂಡಿಗೆ ಹತ್ತಾರು ಸಾವಿರ ಸಲ ಇಂಥ ಚೂರು ಓದುತ್ತದೆ.

ಹಾಗಾದರೆ ಇದೇ ಡಿಸ್ಕ್ ಹೊಸದರಲ್ಲಿ ಹೇಗೆ ಓಡುತ್ತಿತ್ತು? ಆಗ ಕೇಳುವವರು ಕಡಿಮೆ ಇದ್ದರು. ಆ 60 ಸರದಿಗೆ ಈಗ ಎಲ್ಲರೂ ಕೈ ಚಾಚುತ್ತಾರೆ. ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್ ಪ್ರತಿ ಫೈಲನ್ನೂ ತೆರೆದು ನೋಡುತ್ತದೆ. ಅಪ್‌ಡೇಟ್ ಹಿಂದೆ ಕೂತು ಇಳಿಯುತ್ತಿರುತ್ತದೆ. ಸರ್ಚ್ ಪಟ್ಟಿ ಮಾಡಿಕೊಳ್ಳುತ್ತಿರುತ್ತದೆ. ಮೇಲಿಂದ ಡಿಸ್ಕ್ ತುಂಬುತ್ತಾ ಹೋದಂತೆ ಹೊಸ ಫೈಲ್‌ಗಳು ತಟ್ಟೆಯ ಒಳಸುತ್ತಿಗೆ ಹೋಗುತ್ತವೆ. ಒಳಸುತ್ತು ಚಿಕ್ಕದು. ಒಂದು ಸುತ್ತಿನಲ್ಲಿ ಸಿಗುವ ಡೇಟಾ ಹೊರಸುತ್ತಿನ ಸುಮಾರು ಅರ್ಧ.

ಆ ಅಕ್ಕನ ಲ್ಯಾಪ್‌ಟಾಪಿನ ಸ್ಟಾರ್ಟಪ್ ಪಟ್ಟಿ, ಅಂದರೆ ಮಷೀನ್ ಆನ್ ಆದಾಗ ತಾವಾಗೇ ಶುರುವಾಗುವ ಪ್ರೋಗ್ರಾಮ್‌ಗಳ ಪಟ್ಟಿ, ತೆರೆದಾಗ ಕಾರಣ ಕಣ್ಣಿಗೇ ಕಂಡಿತು. ಬೆರಳಚ್ಚು ತಗೊಳ್ಳುವ ಎರಡು ಬೇರೆ ಬೇರೆ ಮಷೀನಿನ ಆರ್‌ಡಿ ಸರ್ವೀಸ್, ಅಂದರೆ ಆ ಮಷೀನನ್ನು ಆಧಾರ್‌ಗೆ ಜೋಡಿಸುವ ಪ್ರೋಗ್ರಾಮ್. ಪೆನ್‌ಡ್ರೈವ್‌ನಂಥ ಡಿಜಿಟಲ್ ಸಹಿ ಟೋಕನ್‌ಗಳ ಸಾಫ್ಟ್‌ವೇರ್. ಯಾವತ್ತೋ ಮಾರಿದ ಪ್ರಿಂಟರ್‌ಗಳ ಇಂಕ್ ತೋರಿಸುವ ಪ್ರೋಗ್ರಾಮ್‌ಗಳು. ವಾಯಿದೆ ಮುಗಿದ ಆಂಟಿವೈರಸ್. ಮುಚ್ಚಿದರೂ ಹಿಂದೆ ಓಡುತ್ತಲೇ ಇರುವ ಬ್ರೌಸರ್. ಒಂದೊಂದನ್ನೂ ಹಾಕಿದಾಗ ಅದಕ್ಕೊಂದು ಕಾರಣ ಇತ್ತು. ತೆಗೆಯಬೇಕು ಅಂತ ಯಾರೂ ಹೇಳಲಿಲ್ಲ. ಹಳೆ ಪ್ರಿಂಟರ್‌ಗಳದ್ದು, ಹಳೆ ಆಂಟಿವೈರಸ್ ತೆಗೆದೆ. ಈಗ ಬಳಸುವ ಬೆರಳಚ್ಚು ಮಷೀನಿನ ಸರ್ವೀಸ್ ಮುಟ್ಟಲಿಲ್ಲ. ಅದು ನಿಂತರೆ ಆಧಾರ್ ಕೆಲಸವೇ ನಿಲ್ಲುತ್ತದೆ. ಸ್ಟಾರ್ಟಪ್ ಪಟ್ಟಿಯಲ್ಲಿ ಗೊತ್ತಿಲ್ಲದ ಹೆಸರು ಕಂಡರೆ ಸುಮ್ನೆ ಡಿಸೇಬಲ್ ಮಾಡಬೇಡಿ, ಯಾವುದಕ್ಕೆ ಸೇರಿದ್ದು ಅಂತ ತಿಳಿದುಕೊಂಡು ಮಾಡಿ.

ಡಿಸ್ಕ್ ಬದಲಾಯಿಸುವ ಮುಂಚೆ ಅದರ ಆರೋಗ್ಯ ನೋಡಲೇಬೇಕು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅನ್ನುವ ಉಚಿತ ಪ್ರೋಗ್ರಾಮ್ ಸಾಕು. ಅದರಲ್ಲಿ 05 ಮತ್ತು ಸಿ5 ಎಂಬ ಎರಡು ಸಾಲುಗಳು ಮುಖ್ಯ. ಕೆಟ್ಟು ಬದಲಿ ಜಾಗಕ್ಕೆ ಸರಿಸಿದ ಸೆಕ್ಟರ್ (ಡಿಸ್ಕಿನ ಸಣ್ಣ ತುಂಡು) ಎಷ್ಟು ಅನ್ನೋದು 05. ಓದಲು ಆಗದೆ ಬಾಕಿ ಉಳಿದಿರುವುದು ಎಷ್ಟು ಅನ್ನೋದು ಸಿ5. ಬಾಕಿ ಸೆಕ್ಟರ್ ಇದ್ದರೆ ಡಿಸ್ಕ್ ಅದೇ ಜಾಗವನ್ನು ಮತ್ತೆ ಮತ್ತೆ ಓದಲು ನೋಡುತ್ತದೆ. ಅಷ್ಟು ಹೊತ್ತೂ ಇಡೀ ಮಷೀನ್ ಕಲ್ಲಿನ ಹಾಗೆ ನಿಲ್ಲುತ್ತದೆ. ಜನ ಅದನ್ನೇ ‘ಹ್ಯಾಂಗ್ ಆಗ್ತಿದೆ’ ಅನ್ನುತ್ತಾರೆ. ಇಂಥ ಡಿಸ್ಕ್‌ಗೆ ಫಾರ್ಮ್ಯಾಟ್ ಹೊಡೆದರೆ ಇದ್ದ ಡೇಟಾ ಹೋಗುತ್ತದೆ, ರೋಗ ಹಾಗೇ ಉಳಿಯುತ್ತದೆ. ಮೊದಲು ಫೈಲ್‌ಗಳನ್ನು ಹೊರಗೆ ತೆಗೆಯಬೇಕು, ಮಿಕ್ಕಿದ್ದು ಆಮೇಲೆ.

ಈ ಲ್ಯಾಪ್‌ಟಾಪಿನಲ್ಲಿ ಎರಡೂ ಸೊನ್ನೆ ಇತ್ತು. ಹಾಗಾಗಿ ಇದ್ದ ವಿಂಡೋಸ್ಸನ್ನೇ ಹಾಗೇ ಎಸ್‌ಎಸ್‌ಡಿಗೆ ಕ್ಲೋನ್ ಮಾಡಿದೆ. ಹಳೇ ಹಾರ್ಡ್ ಡಿಸ್ಕನ್ನು ಡಿವಿಡಿ ಡ್ರೈವ್ ಇದ್ದ ಜಾಗದಲ್ಲಿ ಕ್ಯಾಡಿ (ಡಿಸ್ಕ್ ಕೂರಿಸುವ ಚೌಕಟ್ಟು) ಹಾಕಿ ಕೂರಿಸಿದೆ. ಕ್ಯಾಡಿ ತರಿಸುವ ಮುಂಚೆ ಡಿವಿಡಿ ಡ್ರೈವ್ ದಪ್ಪ ಅಳೆಯಿರಿ, 9.5 ಮಿಲಿಮೀಟರ್ ಒಂದು, 12.7 ಇನ್ನೊಂದು. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ರ‍್ಯಾಮ್ 8 ಜಿಬಿ ಮಾಡಿದೆ. 4 ಜಿಬಿಯಲ್ಲಿ ವಿಂಡೋಸ್ ಮತ್ತು ಗ್ರಾಫಿಕ್ಸ್ ತಮ್ಮ ಪಾಲು ತೆಗೆದುಕೊಂಡ ಮೇಲೆ ಬ್ರೌಸರ್‌ಗೆ ಉಳಿಯುವುದು ಕಡಿಮೆ. ಬ್ರೌಸರ್‌ಗಳೂ ಮೊದಲಿನ ಹಾಗಿಲ್ಲ. 2018ರ ಜನವರಿಯಲ್ಲಿ ಪ್ರೊಸೆಸರ್‌ಗಳಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ದೋಷಗಳು ಬಯಲಾದವು. ಅದೇ ವರ್ಷ ಕ್ರೋಮ್, ಒಂದೊಂದು ವೆಬ್‌ಸೈಟನ್ನೂ ಬೇರೆ ಬೇರೆ ಪ್ರೊಸೆಸ್‌ನಲ್ಲಿ ಇಡಲು ಶುರು ಮಾಡಿತು. ನಮ್ಮ ಸುರಕ್ಷತೆಗೆ ಅದು ಬೇಕಾದದ್ದೇ. ಆದರೆ ಅದರಿಂದ ಮೆಮೊರಿ ಹತ್ತು ಪರ್ಸೆಂಟ್‌ನಷ್ಟು ಜಾಸ್ತಿ ಬೇಕಾಯಿತು. ಪ್ರೊಸೆಸರ್ ದೋಷ ಮುಚ್ಚಲು ಬಂದ ಪ್ಯಾಚ್‌ಗಳಿಂದಲೂ ಹಳೆ ಮಷೀನ್‌ಗಳು ಸ್ವಲ್ಪ ನಿಧಾನವಾದವು. ಮೆಮೊರಿ ಸಾಲದಿದ್ದಾಗ ವಿಂಡೋಸ್ ಡಿಸ್ಕಿನ ಮೇಲೆ ಬರೆದು ಓದಿ ಮಾಡುತ್ತದೆ. ಅದೇ 60 ಸರದಿಯ ಡಿಸ್ಕ್. ಎರಡು ಕೊರತೆ ಒಂದನ್ನೊಂದು ಎಳೆದು ಬೀಳಿಸುವುದು ಹೀಗೆ.

ಕೆಲಸ ಆಯಿತೋ ಇಲ್ಲವೋ ಅಂತ ಕಣ್ಣಂದಾಜಿನಲ್ಲಿ ಹೇಳಲು ನನಗೆ ಇಷ್ಟವಿಲ್ಲ. ಇವೆಂಟ್ ವ್ಯೂವರ್‌ನಲ್ಲಿ ಮೈಕ್ರೋಸಾಫ್ಟ್, ವಿಂಡೋಸ್ ಫೋಲ್ಡರ್ ಒಳಗೆ ‘ಡಯಾಗ್ನಾಸ್ಟಿಕ್ಸ್ ಪರ್ಫಾರ್ಮೆನ್ಸ್’ ಎಂಬ ಲಾಗ್ ಇದೆ. ಅದರಲ್ಲಿ 100 ನಂಬರಿನ ಇವೆಂಟ್ ಹುಡುಕಿ. ಮಷೀನ್ ಆನ್ ಆಗಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಅಂತ ವಿಂಡೋಸ್ ತಾನೇ ತಾರೀಕು ಸಮೇತ ಬರೆದಿಟ್ಟಿರುತ್ತದೆ. ಲಾಗ್ ಉಳಿದಿದ್ದರೆ ತಿಂಗಳುಗಳ ಹಿಂದಿನದೂ ಸಿಗುತ್ತದೆ. ಯಾವ ತಿಂಗಳಿಂದ ಏರಿತು ಅಂತ ಗೊತ್ತಾದರೆ, ಆಗ ಏನು ಹಾಕಿಸಿದಿರಿ ಅಂತ ಕೇಳಬಹುದು. ಈ ಲ್ಯಾಪ್‌ಟಾಪಿನಲ್ಲಿ ನಾಲ್ಕು ನಿಮಿಷ ದಾಟಿದ್ದದ್ದು ಅರ್ಧ ನಿಮಿಷಕ್ಕೆ ಇಳಿಯಿತು. ಅಕ್ಕನಿಗೆ ಎರಡೂ ಸಾಲು ತೋರಿಸಿಯೇ ಕೊಟ್ಟೆ.

ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವ ಒಂದೆರಡು ಉಪಾಯಗಳಿವೆ. ಡೆಸ್ಕ್‌ಟಾಪ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಫ್ರೆಶ್ ಒತ್ತುವುದು. ಅದು ಐಕಾನ್‌ಗಳನ್ನು ಮತ್ತೊಮ್ಮೆ ತೋರಿಸುತ್ತದೆ, ಮೆಮೊರಿಗೂ ವೇಗಕ್ಕೂ ಸಂಬಂಧವಿಲ್ಲ. ಇನ್ನೊಂದು, ರನ್ ತೆರೆದು ಟೆಂಪ್, ಪ್ರಿಫೆಚ್ ಅಂತ ಟೈಪ್ ಮಾಡಿ ಇದ್ದದ್ದೆಲ್ಲ ಡಿಲೀಟ್ ಮಾಡುವುದು. ಟೆಂಪ್ ಅಳಿಸಿದರೆ ಜಾಗ ಸಿಗುತ್ತದೆ, ಒಳ್ಳೆಯದೇ. ಪ್ರಿಫೆಚ್ ಮಾತ್ರ ಮುಟ್ಟಬೇಡಿ. ಒಂದು ಪ್ರೋಗ್ರಾಮ್ ತೆರೆದ ಮೊದಲ ಕೆಲವು ಸೆಕೆಂಡ್‌ಗಳಲ್ಲಿ ಯಾವ್ಯಾವ ಫೈಲ್ ಬೇಕಾಯಿತು ಅಂತ ವಿಂಡೋಸ್ ಅಲ್ಲಿ ಬರೆದುಕೊಳ್ಳುತ್ತದೆ. ಮುಂದಿನ ಸಲ ಅವನ್ನು ಮೊದಲೇ ಎತ್ತಿಕೊಳ್ಳಲಿ ಅಂತ. 2001ರ ಎಕ್ಸ್‌ಪಿಯಿಂದಲೂ ಇದೆ. ಅದನ್ನು ಅಳಿಸಿದರೆ ಮತ್ತೆ ಮೊದಲಿಂದ ಕಲಿಯಬೇಕು. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯನ್ನು ಶುಚಿ ಮಾಡ್ತೇವೆ ಅನ್ನುವ ರಿಜಿಸ್ಟ್ರಿ ಕ್ಲೀನರ್‌ಗಳನ್ನಂತೂ ನಾನು ಯಾರಿಗೂ ಹಾಕಿಕೊಡುವುದಿಲ್ಲ. ಅವು ತೆಗೆಯುವ ಸಾಲುಗಳಿಂದ ವೇಗ ಬರುವುದಿಲ್ಲ, ಬೇಕಾದ ಸಾಲು ಹೋದರೆ ಪ್ರೋಗ್ರಾಮ್ ತೆರೆಯುವುದೇ ಇಲ್ಲ.

ನಮ್ಮ ಊರಿನ ಮಷೀನ್‌ಗಳಿಗೆ ಇನ್ನೊಂದು ಕಾಟ ಇದೆ, ತೆಂಗಿನ ನಾರಿನ ಧೂಳು. ಕೊಬ್ಬರಿ ಮಂಡಿ, ನಾರಿನ ಕಾರ್ಖಾನೆ ಹತ್ತಿರ ಇರುವ ಲ್ಯಾಪ್‌ಟಾಪ್ ಬಿಚ್ಚಿದರೆ ಫ್ಯಾನ್‌ಗೂ ಹೀಟ್‌ಸಿಂಕ್‌ಗೂ ನಡುವೆ ಕಂದು ಬಣ್ಣದ ಪದರ ಹೆಣೆದುಕೊಂಡು ಕೂತಿರುತ್ತದೆ. ಚಿಮಟದಲ್ಲಿ ಹಿಡಿದು ಎಳೆದರೆ ಇಡಿಯಾಗಿ ಬರುತ್ತದೆ. ಗಾಳಿ ಹೊರಗೆ ಹೋಗದೆ ಪ್ರೊಸೆಸರ್ 90, 100 ಡಿಗ್ರಿ ಮುಟ್ಟುತ್ತದೆ. ಆಗ ಅದು ಸುಟ್ಟುಹೋಗದಿರಲಿ ಅಂತ ತಾನೇ ವೇಗ ಇಳಿಸಿಕೊಳ್ಳುತ್ತದೆ. ‘ಬೆಳಗ್ಗೆ ಚೆನ್ನಾಗಿರುತ್ತೆ, ಮಧ್ಯಾಹ್ನದ ಹೊತ್ತಿಗೆ ಟ್ಯಾಲಿ ಎಳೀತಾ ಕೂರುತ್ತೆ’ ಅಂತ ಮಂಡಿ ಲೆಕ್ಕದವರು ಹೇಳಿದರೆ ನಾನು ಮೊದಲು ಹಿಡಿಯುವುದು ಸ್ಕ್ರೂಡ್ರೈವರ್. ಟಾಸ್ಕ್ ಮ್ಯಾನೇಜರ್‌ನಲ್ಲೂ ಗೊತ್ತಾಗುತ್ತದೆ. 2.4 ಗಿಗಾಹರ್ಟ್ಜ್ ಪ್ರೊಸೆಸರ್ ಕೆಲಸ ಜೋರಾಗಿರುವಾಗಲೂ 1ರ ಕೆಳಗೆ ಇಳಿದಿದ್ದರೆ ಬಿಸಿಯೇ ಕಾರಣ ಇರಬಹುದು. ಇಲ್ಲವಾದರೆ ಚಾರ್ಜರ್ ನೋಡಿ. ಡೂಪ್ಲಿಕೇಟ್ ಚಾರ್ಜರ್ ಗುರುತು ಸಿಗದಿದ್ದರೆ ಕೆಲವು ಲ್ಯಾಪ್‌ಟಾಪ್‌ಗಳು ವೇಗ ಕಟ್ಟಿಹಾಕುತ್ತವೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಗಾಳಿಗೆ ಜೋರಾಗಿ ಸುತ್ತಿದರೆ ಬೇರಿಂಗ್ ಹೋಗುತ್ತದೆ. ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಾಕಿ.

‘ಹಾಗಾದ್ರೆ ಫಾರ್ಮ್ಯಾಟ್ ಹೊಡೆದಾಗ ಫಾಸ್ಟ್ ಆಗುತ್ತಲ್ಲ, ಅದು ಹೆಂಗೆ?’ ಅಂತ ಕೇಳುತ್ತಾರೆ. ಆಗುವುದು ನಿಜ. ಸ್ಟಾರ್ಟಪ್ ಪಟ್ಟಿ ಖಾಲಿ, ಡಿಸ್ಕಿನ ಹೊರಸುತ್ತು ಖಾಲಿ. ಆಮೇಲೆ ಒಂದೊಂದಾಗಿ ಬೇಕಾದದ್ದೆಲ್ಲ ಹಾಕುತ್ತೀರಿ, ಅಪ್‌ಡೇಟ್‌ಗಳೂ ಬರುತ್ತವೆ, ಕೆಲವು ತಿಂಗಳಲ್ಲಿ ಅಲ್ಲಿಗೇ ಬಂದು ನಿಲ್ಲುತ್ತದೆ. ಈ ನಡುವೆ ಹೋಗುವುದು ತುಂಬಾ ಇದೆ. ಡಿಜಿಟಲ್ ಸಹಿಯ ಡ್ರೈವರ್, ಪ್ರಿಂಟರ್ ಸೆಟ್ಟಿಂಗ್, ಟ್ಯಾಲಿಯ ಡೇಟಾ ಫೋಲ್ಡರ್. ನುಡಿ, ಬರಹದ ಹಳೆ ಫಾಂಟ್ ಬ್ಯಾಕಪ್ ಆಗದಿದ್ದರೆ ವರ್ಷಗಟ್ಟಲೆ ಟೈಪ್ ಮಾಡಿದ ಕನ್ನಡ ಪತ್ರಗಳು ತೆರೆದಾಗ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರವಾಗಿ ಕಾಣುತ್ತವೆ. ವೈರಸ್ ಬೇರುಬಿಟ್ಟಿದ್ದರೆ, ವಿಂಡೋಸ್ ಫೈಲ್‌ಗಳೇ ಕೆಟ್ಟಿದ್ದರೆ ನಾನೂ ಫಾರ್ಮ್ಯಾಟ್ ಮಾಡುತ್ತೇನೆ. ಬರೀ ಸ್ಲೋ ಅನ್ನೋ ಕಾರಣಕ್ಕೆ ಮಾಡುವುದಿಲ್ಲ.

ಕಂಪನಿಯವರೇ ಬೇಕಂತ ಸ್ಲೋ ಮಾಡ್ತಾರಾ ಅನ್ನೋದು ಇನ್ನೊಂದು ಪ್ರಶ್ನೆ. ಫೋನಿನಲ್ಲಿ ಹಾಗೆ ಆದದ್ದಿದೆ. ಬ್ಯಾಟರಿ ಹಳೇದಾದ ಐಫೋನ್‌ಗಳ ವೇಗವನ್ನು ಐಒಎಸ್ ತಗ್ಗಿಸುತ್ತಿತ್ತು ಅಂತ 2017ರ ಡಿಸೆಂಬರ್‌ನಲ್ಲಿ ಆಪಲ್ ಒಪ್ಪಿಕೊಂಡಿತು. ಫೋನ್ ಇದ್ದಕ್ಕಿದ್ದಂತೆ ಆಫ್ ಆಗದಿರಲಿ ಅಂತ ಹಾಗೆ ಮಾಡಿದೆವು ಅಂದಿತು. ಬ್ಯಾಟರಿ ಬದಲಾಯಿಸಿದರೆ ವೇಗ ವಾಪಸ್ ಬರುತ್ತಿತ್ತು. ಕಂಪ್ಯೂಟರಿನಲ್ಲಿ ನಾನು ಕಾಣುವುದು ಬೇರೆ. ಸಾಫ್ಟ್‌ವೇರ್ ಬರೆಯುವವರ ಕೈಯಲ್ಲಿ ಹೊಸ ಮಷೀನ್ ಇರುತ್ತದೆ, ಅಲ್ಲಿ ಚೆನ್ನಾಗಿ ಓಡಿದರೆ ಸಾಕು ಅಂದುಕೊಳ್ಳುತ್ತಾರೆ. ಹಾರ್ಡ್‌ವೇರ್ ವೇಗ ಹೆಚ್ಚುವುದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಅಂತ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ 1995ರಲ್ಲೇ ಬರೆದಿದ್ದರು. ಪ್ಯಾಸ್ಕಲ್ ಭಾಷೆ ಮಾಡಿದವರು ಅವರು. ತಾಲ್ಲೂಕು ಊರಿನ ಅಂಗಡಿಯಲ್ಲಿ ಕೂತು ನೋಡಿದರೆ ಅದು ನನಗೆ ಪೂರಾ ನಿಜ ಅನ್ನಿಸುತ್ತದೆ. 4 ಜಿಬಿ ಮಷೀನ್ ಇಟ್ಟುಕೊಂಡು ಬದುಕು ನಡೆಸುವವರು ಇನ್ನೂ ಎಷ್ಟೋ ಜನ ಇದ್ದಾರೆ. ವೆಬ್‌ಸೈಟ್ ಮಾಡುವವರು ಅವರನ್ನು ನೆನೆಯಬೇಕು.

ಈಗ ಎಸ್‌ಎಸ್‌ಡಿ ಹಾಕಿಸುವ ಮುಂಚೆ ಇನ್ನೂ ಒಂದು ಲೆಕ್ಕ ಹಾಕಬೇಕಾಗಿದೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮಾಮೂಲಿ ಬೆಂಬಲ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ವ್ಯವಸ್ಥೆ ಮಷೀನಿನಲ್ಲಿರಬೇಕು, ಇಂಟೆಲ್ ಆದರೆ 8ನೇ ಪೀಳಿಗೆಯ ಪ್ರೊಸೆಸರ್ ಅಥವಾ ಅದಕ್ಕಿಂತ ಹೊಸದಿರಬೇಕು. ಅದಕ್ಕಿಂತ ಹಳೆಯ ಮಷೀನ್ ತಂದ ವಿದ್ಯಾರ್ಥಿಗಳಿಗೆ ಎಸ್‌ಎಸ್‌ಡಿ ಹಾಕಿ, ವಿಂಡೋಸ್ ಬದಲು ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿಕೊಡುತ್ತೇನೆ. ಓದು, ಬರಹ, ಯೂಟ್ಯೂಬ್ ಎಲ್ಲಕ್ಕೂ ಸಾಕು. ಕನ್ನಡ ಯೂನಿಕೋಡ್ ಟೈಪಿಂಗೂ ಆಗುತ್ತದೆ. ಸೈಬರ್ ಸೆಂಟರ್‌ನವರಿಗೆ, ಟ್ಯಾಲಿ ಇರುವವರಿಗೆ ಅದು ಆಗಿಬರುವುದಿಲ್ಲ. ಅವರ ಬೆರಳಚ್ಚು ಮಷೀನು, ಟೋಕನ್ನು, ಲೆಕ್ಕ ಎಲ್ಲಾ ವಿಂಡೋಸ್ ಮೇಲೆ ನಿಂತಿದೆ. ಅಂಥವರ ಮಷೀನ್ 8ನೇ ಪೀಳಿಗೆಗಿಂತ ಹಿಂದಿನದಾಗಿದ್ದರೆ ಅದಕ್ಕೆ ರ‍್ಯಾಮ್ ಖರ್ಚು ಮಾಡಬೇಡಿ ಅಂತ ನೇರವಾಗಿ ಹೇಳುತ್ತೇನೆ. ಎಸ್‌ಎಸ್‌ಡಿ ಮಾತ್ರ ಹಾಕಿಸಿಕೊಳ್ಳಲಿ. ಮುಂದೆ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಗೊಂಡಾಗ ಅದೇ ಎಸ್‌ಎಸ್‌ಡಿ ಬಿಚ್ಚಿ ಅದಕ್ಕೆ ಹಾಕಬಹುದು.